ಬಿಲ್ಲಿಗೆ ಬಾರದ ಚಟ್ನಿ

ಇಡ್ಲಿಗೆ ಇಷ್ಟು, ವಡೆಗೆ ಇಷ್ಟು, ಕಾಫಿಗೆ ಇಷ್ಟು ಎಂದು ಹೋಟೆಲ್ಲಿನ ಗೋಡೆಯ ಮೇಲೆ ದರಪಟ್ಟಿ ತೂಗುಹಾಕಿರುತ್ತಾರೆ. ಅದರಲ್ಲಿ ಚಟ್ನಿಯ ಹೆಸರನ್ನು ಎಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಹಾಗೆಂದು ಬರೀ ಇಡ್ಲಿ ತಂದಿಟ್ಟು ನೋಡಿ. "ಚಟ್ನಿ ಎಲ್ರೀ?" ಎಂಬ ಕೂಗು ಅಡುಗೆಮನೆಯವರೆಗೆ ಕೇಳಿಸುತ್ತದೆ. ಒಂದು ಬಟ್ಟಲು ಖಾಲಿಯಾದರೆ ಇನ್ನೊಂದು, ಅದೂ ಖಾಲಿಯಾದರೆ ಮತ್ತೊಂದು. ಊರಲ್ಲಿ ಹೋಟೆಲ್ಲಿಗೆ ಹೆಸರು ಬರುವುದು ಚಟ್ನಿಯಿಂದ, ಹೆಸರು ಕೆಡುವುದೂ ಚಟ್ನಿಯಿಂದ. ಬಿಲ್ಲು ಬಂದಾಗ ಮಾತ್ರ ಅದರಲ್ಲಿ ಚಟ್ನಿ ಇರುವುದಿಲ್ಲ.

ನಮ್ಮ ಧಾರವಾಡದ ಖಾನಾವಳಿಗಳಲ್ಲಂತೂ ಕೇಳುವುದೇ ಬೇಡ. ರೊಟ್ಟಿಗೆ ಲೆಕ್ಕವಿದೆ, ಪಲ್ಯಕ್ಕೆ ಲೆಕ್ಕವಿದೆ. ಆದರೆ ತಾಟಿನ ಅಂಚಿಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಬಡಿಸಿ, ನಡುವೆ ಕುಳಿ ಮಾಡಿ, ಮೇಲೆ ಎಣ್ಣೆಯನ್ನೋ ಗಟ್ಟಿ ಮೊಸರನ್ನೋ ಹಾಕಿ ಹೋಗುತ್ತಾರಲ್ಲ, ಅದಕ್ಕೆ ಲೆಕ್ಕವಿಲ್ಲ. ನಾನು ಬ್ಯಾಂಕೊಂದರಲ್ಲಿ ಕ್ಯಾಶಿಯರ್. ಬೆಳಗಿನಿಂದ ಸಂಜೆಯವರೆಗೆ ಲೆಕ್ಕ ನೋಡುವುದೇ ಕೆಲಸವಾದ್ದರಿಂದ, ಲೆಕ್ಕದಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದು ಬೇಗ ಕಣ್ಣಿಗೆ ಬೀಳುತ್ತದೆ.

ಚಟ್ನಿಯ ವಿಚಾರ ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದದ್ದು ಮಗಳ ಶಾಲೆಯ ಪ್ರಾಜೆಕ್ಟಿನಿಂದ. ಅವಳು ಆಗ ಏಳನೇ ತರಗತಿ. ಗಣಿತದಲ್ಲಿ ದತ್ತಾಂಶದ ಪಾಠ. ಮೇಡಂ ಪ್ರತಿಯೊಬ್ಬರಿಗೂ ಒಂದೊಂದು ವಿಷಯ ಹಂಚಿದ್ದರು. ಒಬ್ಬನಿಗೆ ಮೆಚ್ಚಿನ ಆಟ, ಒಬ್ಬಳಿಗೆ ಮೆಚ್ಚಿನ ಬಣ್ಣ, ನಮ್ಮವಳ ಪಾಲಿಗೆ ಬಂದದ್ದು ಮೆಚ್ಚಿನ ಚಟ್ನಿ. ನಲವತ್ತು ಜನರನ್ನು ಕೇಳಬೇಕು, ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆದು ಎಣಿಸಬೇಕು, ಆಮೇಲೆ ಸ್ತಂಭಾಲೇಖ ಬರೆಯಬೇಕು.

ಅವಳು ಪುಸ್ತಕ ಹಿಡಿದು ನಮ್ಮ ಬಡಾವಣೆಯ ಮನೆಮನೆಗೆ ಹೋದಳು. ಚಟ್ನಿಯ ಹೆಸರು ಎತ್ತಿದರೆ ಜನ ಎಷ್ಟು ಮಾತಾಡುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ಮತದಾನದಲ್ಲೂ ಇಷ್ಟು ಉತ್ಸಾಹ ಕಂಡಿರಲಿಲ್ಲ. ಕೊನೆಗೆ ಬಂದ ಲೆಕ್ಕ ಹೀಗಿತ್ತು: ಶೇಂಗಾ ಚಟ್ನಿಗೆ 14, ಕಾಯಿ ಚಟ್ನಿಗೆ 8, ಕೆಂಪು ಖಾರಕ್ಕೆ 6, ಗುರೆಳ್ಳು ಚಟ್ನಿಗೆ 5, ಟೊಮೆಟೊ ಸಾಸಿಗೆ 4, ಅಗಸಿಗೆ 2. ಉಳಿದ ಒಂದು ಮತ ಎದುರು ಮನೆಯ ಯಜಮಾನರದು. ಅವರು ಹೆಂಡತಿಯ ಮುಖ ನೋಡಿ, "ನಮ್ಮ ಮನ್ಯಾಗ ಮಾಡಿದ್ದು ಯಾವುದಾದ್ರೂ ನಡೀತೈತಿ" ಎಂದಿದ್ದರು. ಅದನ್ನು ಯಾವ ಸ್ತಂಭಕ್ಕೆ ಸೇರಿಸಬೇಕೆಂದು ತಿಳಿಯದೆ ಮಗಳು 'ಇತರೆ' ಎಂದು ಬರೆದಳು. ಸಾಸಿಗೆ ಬಂದ ನಾಲ್ಕೂ ಮತ ಅವಳ ಗೆಳತಿಯರವು ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲೇ ಒಡಕು. ನಮ್ಮವರು ಮೈಸೂರು ಕಡೆಯವರು. ಮದುವೆಯಾದ ಹೊಸತರಲ್ಲಿ, "ನಿಮ್ಮ ಕಡೆ ಹುಚ್ಚೆಳ್ಳು ಚಟ್ನಿ ಮಾಡೋದೇ ಇಲ್ವಲ್ಲ" ಎಂದು ಕೊರಗುತ್ತಿದ್ದರು. "ನಿಮ್ಮ ಕಡೆ ಗುರೆಳ್ಳು ಗೊತ್ತಿಲ್ಲಲ್ಲ" ಎಂದು ನಾನು ಮರುಗುತ್ತಿದ್ದೆ. ಮೂರು ತಿಂಗಳಾದ ಮೇಲೆ ಕಿರಾಣಿ ಅಂಗಡಿಯಲ್ಲಿ ಇಬ್ಬರೂ ಒಂದೇ ಡಬ್ಬಿಗೆ ಬೆರಳು ತೋರಿಸಿದಾಗ ತಿಳಿಯಿತು, ಹುಚ್ಚೆಳ್ಳೇ ಗುರೆಳ್ಳು. ಅವರ ಕಡೆ ಅದನ್ನು ಕಾಯಿ ಹಾಕಿ ನೀರಾಗಿ ರುಬ್ಬುತ್ತಾರೆ, ರಾಗಿ ಮುದ್ದೆಯ ಪಕ್ಕಕ್ಕೂ ಬರುತ್ತದೆ. ನಮ್ಮ ಕಡೆ ಚಟಪಟ ಅನ್ನುವವರೆಗೆ ಹುರಿದು, ಒಣ ಖಾರ, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆಹಣ್ಣು, ಕರಿಬೇವು ಸೇರಿಸಿ ಒಣಗಿದ್ದಂತೆಯೇ ಕುಟ್ಟುತ್ತೇವೆ.

ಮಗಳ ಸ್ತಂಭಾಲೇಖದಲ್ಲಿ ಗೆದ್ದ ಶೇಂಗಾ ಚಟ್ನಿಯ ಚರಿತ್ರೆಯೂ ಸ್ವಾರಸ್ಯದ್ದು. ಶೇಂಗಾ ನಮ್ಮ ನೆಲದ್ದಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಅದಕ್ಕೂ ಮೊದಲು ನಮ್ಮವರಿಗೆ ಖಾರವೆಂದರೆ ಕಾಳುಮೆಣಸು. ಹೊರಗಿನಿಂದ ಬಂದ ಆ ಕಾಯಿಯನ್ನು ನಮ್ಮ ರೈತರು ಎಷ್ಟು ನಮ್ಮದಾಗಿಸಿಕೊಂಡರೆಂದರೆ, ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬಣ್ಣ ಕೆಂಪು, ಖಾರ ಮಿತ. ಆದರೆ ಆ ಮೆಣಸಿನಕಾಯಿಯನ್ನು ಶೇಂಗಾದ ಜೊತೆ ಕುಟ್ಟಬೇಕೆಂದು ಮೊದಲು ಹೊಳೆದದ್ದು ಯಾವ ತಾಯಿಗೆ? ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಸಾಸಿನ ಬಾಟಲಿಯ ಮೇಲೆ ಕಂಪನಿಯ ಹೆಸರು, ಬೆಲೆ, ತೂಕ, ತಯಾರಾದ ದಿನ ಎಲ್ಲವೂ ಇರುತ್ತವೆ. ಚಟ್ನಿಗೆ ಅದ್ಯಾವುದೂ ಇಲ್ಲ. ನಮ್ಮ ಹಾಡುಗಳೂ ಹಾಗೇ ಎಂದು ನನಗೆ ಅನ್ನಿಸಿದ್ದು ಅದೇ ನವೆಂಬರಿನಲ್ಲಿ.

ನಮ್ಮ ಬಡಾವಣೆಯ ಸಂಘ ಪ್ರತಿವರ್ಷ ರಾಜ್ಯೋತ್ಸವ ಮಾಡುತ್ತದೆ. ಬ್ಯಾಂಕಿನವಳೆಂಬ ಕಾರಣಕ್ಕೆ ಆ ವರ್ಷ ಖಜಾಂಚಿಯ ಕೆಲಸ ನನ್ನ ಕೊರಳಿಗೆ ಬಿತ್ತು. ಹಿಂದಿನವರು ಕೊಟ್ಟ ಲೆಕ್ಕದ ಪುಸ್ತಕದಲ್ಲಿ ಶಾಮಿಯಾನ, ಕುರ್ಚಿ, ಧ್ವನಿವರ್ಧಕ, ದೀಪದ ಸರ, ಫ್ಲೆಕ್ಸು, ಹೂವಿನ ಹಾರ, ಊಟ ಎಲ್ಲಕ್ಕೂ ಒಂದೊಂದು ಸಾಲು ಇತ್ತು. ಹಾಡಲು ಬಂದವರಿಗೆ ಕೊಟ್ಟ ಹಣವನ್ನು ಹುಡುಕಿದೆ. ಅದು ಕೊನೆಯಲ್ಲಿ, ಗುಂಡುಸೂಜಿ ಮತ್ತು ಹಗ್ಗದ ಖರ್ಚಿನ ಜೊತೆ, 'ಇತರೆ' ಎಂಬ ಸಾಲಿನಲ್ಲಿ ಕೂತಿತ್ತು.

ಆ ಸಲ ಗೀಗೀ ಪದದ ಮೇಳವೊಂದನ್ನು ಕರೆಸುವುದೆಂದು ತೀರ್ಮಾನವಾಗಿ, ಕೊಡುವ ಮೊತ್ತವೂ ನಿಗದಿಯಾಗಿತ್ತು. ಗೀಗೀ ಪದ ಕೇಳದ ಮಕ್ಕಳಿಗಾಗಿ ಎರಡು ಮಾತು ಹೇಳುತ್ತೇನೆ. ಮುಂದಿನವರು ದಪ್ಪು ಬಡಿಯುತ್ತ ಕಥೆ ಹಾಡುತ್ತಾರೆ. ಹಿಂದೆ ನಿಂತವರು ತುಂತುಣಿ ಮೀಟುತ್ತ, ತಾಳ ಹಾಕುತ್ತ 'ಗೀಗೀ' ಎಂದು ದನಿಗೂಡಿಸುತ್ತಾರೆ. ಅದರಿಂದಲೇ ಆ ಹೆಸರು. ಹರದೇಶಿ-ನಾಗೇಶಿ ಎಂದು ಎರಡು ಪಂಗಡ ಮಾಡಿಕೊಂಡು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಹಾಡಿನಲ್ಲೇ ವಾದ ಮಾಡುವುದೂ ಉಂಟು. ಇದು ಬರೀ ಮನರಂಜನೆಯೂ ಅಲ್ಲ. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪದೆ ಬ್ರಿಟಿಷರ ಎದುರು ನಿಂತರಲ್ಲ, ಆ ಕಥೆಯನ್ನು ಜನರ ನಾಲಗೆಯ ಮೇಲೆ ಉಳಿಸಿದ್ದು ಲಾವಣಿಕಾರರು. ಸಂಗೊಳ್ಳಿ ರಾಯಣ್ಣನ ಕಥೆಯೂ ಹಾಗೆಯೇ ಹಾಡಾಗಿ ಉಳಿಯಿತು. ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಇಂಥ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಸರ್ಕಾರದ ವಿರುದ್ಧದ ಹಾಡನ್ನು ಸರ್ಕಾರದ ನೌಕರನೇ ಬರೆದುಕೊಂಡನೆಂದರೆ, ಆ ಹಾಡಿನಲ್ಲಿ ಎಂಥ ಕಸುವಿರಬೇಕು!

ಮೇಳದವರು ನಾಲ್ಕು ಜನ ಬಂದರು. ಮುಂದಾಳು ಎಪ್ಪತ್ತು ದಾಟಿದ ಅಜ್ಜ. ಹಿಂದೆ ಹಾಡುವವರು ಇಬ್ಬರು ನಡುವಯಸ್ಸಿನವರು. ತಾಳ ಹಿಡಿದವನು ಅಜ್ಜನ ಮೊಮ್ಮಗ, ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ. ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿತ್ತು. ಚಳಿಗೆ ದಪ್ಪಿನ ಚರ್ಮ ಸಡಿಲಾಗಿತ್ತೆಂದು ಅವರು ಶಾಮಿಯಾನದ ಹಿಂದೆ ರದ್ದಿ ಕಾಗದಕ್ಕೆ ಬೆಂಕಿ ಹಚ್ಚಿ ಅದನ್ನು ಕಾಯಿಸುತ್ತಿದ್ದರು. ನನ್ನ ಮಗಳು ಪುಸ್ತಕ ಹಿಡಿದು ಅಲ್ಲಿಗೂ ಹೋದಳು.

"ಅಜ್ಜಾ, ನಿಮಗ ಯಾವ ಚಟ್ನಿ ಇಷ್ಟ?"

ಅಜ್ಜ ನಕ್ಕರು. "ಯವ್ವಾ, ಇಷ್ಟು ವರ್ಷದಾಗ ನನಗ ಇದನ್ನ ಯಾರೂ ಕೇಳಿದ್ದಿಲ್ಲ ನೋಡು. ಯಾವ ಪದಾ ಹಾಡ್ತೀರಿ ಅಂತ ಕೇಳ್ತಾರ, ಎಷ್ಟೊತ್ತು ಹಾಡ್ತೀರಿ ಅಂತ ಕೇಳ್ತಾರ. ಗುರೆಳ್ಳ ಹಿಂಡಿ ಬರಕೋ."

"ಯಾಕ?"

"ಯಾಕಂದ್ರ ಅದು ಕೆಡಂಗಿಲ್ಲ."

ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನಾನೂ ಹತ್ತಿರ ನಿಂತು ಕೇಳಿದೆ. ಅವರ ಅಪ್ಪನ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಮೇಳ ಕಟ್ಟಿಕೊಂಡು ಹೊರಟರೆ ಊರೂರು ತಿರುಗಿ ಮನೆ ಸೇರಲು ಒಂದು ತಿಂಗಳಾದರೂ ಬೇಕಿತ್ತಂತೆ. ಹೊರಡುವಾಗ ಮನೆಯ ಹೆಣ್ಣುಮಕ್ಕಳು ಎರಡು ಗಂಟು ಕಟ್ಟಿ ಕೊಡುತ್ತಿದ್ದರು. ಒಂದರಲ್ಲಿ ಕಟಕ ರೊಟ್ಟಿ, ಇನ್ನೊಂದರಲ್ಲಿ ಹಿಂಡಿ. ಕಾಯಿ ಚಟ್ನಿ ಬೆಳಗ್ಗೆ ರುಬ್ಬಿದ್ದು ಸಂಜೆಗೆ ಹಳಸುತ್ತದೆ. ಹಿಂಡಿಗೆ ನೀರು ಸೋಕದಿದ್ದರೆ ವಾರಗಟ್ಟಲೆ ಏನೂ ಆಗುವುದಿಲ್ಲ. ಯಾವ ಊರಲ್ಲಿ ಊಟ ಸಿಕ್ಕೀತು, ಯಾವ ಊರಲ್ಲಿ ಸಿಗಲಿಕ್ಕಿಲ್ಲ ಎಂದು ಹೇಳಲು ಬಾರದ ಬದುಕಿಗೆ ಅದೇ ಭರವಸೆ. ನನ್ನ ಮಗಳ ಪಟ್ಟಿಯಲ್ಲಿ ಎಲ್ಲರೂ ರುಚಿ ನೋಡಿ ಚಟ್ನಿ ಆರಿಸಿದ್ದರು. ಅಜ್ಜ ದಾರಿ ನೋಡಿ ಆರಿಸಿದ್ದರು. ಹಿಂದೆ ಹಾಡುವ ಇಬ್ಬರೂ "ನಮ್ಮದೂ ಅದನ್ನ ಬರಿಯವ್ವಾ" ಎಂದರು.

ಮೊಮ್ಮಗ ಮಾತ್ರ ನಾಚಿಕೊಂಡು, "ನಂದು ಟೊಮೆಟೊ ಸಾಸ್" ಎಂದ. ಎಲ್ಲರೂ ನಕ್ಕರು. ಅವನು ಗೋವಾದಲ್ಲಿ ಒಂದು ಹೋಟೆಲ್ಲಿನಲ್ಲಿ ಕೆಲಸಕ್ಕಿದ್ದಾನಂತೆ, ದೀಪಾವಳಿಗೆಂದು ರಜೆ ಹಾಕಿ ಊರಿಗೆ ಬಂದವನು. "ಟೇಬಲ್ ಒರಸೂದು, ಸಾಸ್ ಬಾಟ್ಲಿ ತುಂಬಿ ಇಡೂದು ನನ್ನ ಕೆಲಸ. ದಿನಾ ನೋಡಿ ನೋಡಿ ಅದ ಇಷ್ಟ ಆಗೇತಿ" ಎಂದ. ಪಗಾರ ಎಷ್ಟು ಎಂದು ಮಗಳು ಕೇಳಿಯೇ ಬಿಟ್ಟಳು. ನಾನು ಕಣ್ಣು ಬಿಟ್ಟೆ. ಆದರೆ ಅವನಿಗೆ ಬೇಸರವಾಗಲಿಲ್ಲ. "ತಿಂಗಳಿಗೆ ಹದಿನೆಂಟು ಸಾವಿರ, ಊಟ ವಸತಿ ಅವರದ" ಎಂದ.

ಕಾರ್ಯಕ್ರಮ ಬಹಳ ಚೆನ್ನಾಯಿತು. ಅಜ್ಜನ ದನಿ ಮೇಲೇರಿದಾಗ ಮೊಬೈಲು ನೋಡುತ್ತಿದ್ದ ಹುಡುಗರೂ ತಲೆ ಎತ್ತಿದರು. ಹೆಂಗಸರು ಊಟದ ಪಂಕ್ತಿಗೆ ಏಳಲು ಒಲ್ಲೆ ಎಂದರು. ನಡುವೆ ಒಬ್ಬರು ವೇದಿಕೆಗೆ ಹೋಗಿ ನೂರರ ನೋಟು ಕೊಟ್ಟರೆ, ಅಜ್ಜ ಪದ ನಿಲ್ಲಿಸದೆ ಅದೇ ಧಾಟಿಯಲ್ಲಿ ಅವರ ಹೆಸರು ಸೇರಿಸಿ ಹರಸಿದರು. ನಮ್ಮ ಕಡೆ ಅದಕ್ಕೆ ಆಯೇರಿ ಮಾಡುವುದು ಎನ್ನುತ್ತಾರೆ. ಕೊಟ್ಟವನ ಹೆಸರು ಹಾಡಿನೊಳಗೆ ಬರುತ್ತದೆ. ಹಾಡಿದವನ ಹೆಸರು ಎಲ್ಲಿಗೂ ಬರುವುದಿಲ್ಲ.

ರಾತ್ರಿ ಲೆಕ್ಕ ಮುಗಿಸಲು ಕೂತಾಗ ಮಗಳೂ ಪಕ್ಕಕ್ಕೆ ಬಂದಳು. ಮೇಳಕ್ಕೆ ನಾವು ಕೊಟ್ಟದ್ದು ಒಟ್ಟು 8,000 ರೂಪಾಯಿ. ಅವರು ಊರಿಂದ ಗಾಡಿ ಬಾಡಿಗೆಗೆ ಮಾಡಿಕೊಂಡು ಬಂದಿದ್ದರು, ರಾತ್ರಿ ಮರಳಲು ಬಸ್ಸಿಲ್ಲ. ಆ ಬಾಡಿಗೆ 2,400. ಉಳಿದ 5,600ನ್ನು ನಾಲ್ವರಿಗೆ ಹಂಚಿದರೆ ತಲೆಗೆ 1,400. ವರ್ಷಕ್ಕೆ ಇಂಥ ಕಾರ್ಯಕ್ರಮ ಎಷ್ಟು ಸಿಗುತ್ತವೆ ಎಂದು ನಾನು ಅಜ್ಜನನ್ನು ಕೇಳಿದ್ದೆ. "ಹತ್ತೋ ಹನ್ನೆರಡೋ, ಮಳಿಗಾಲದಾಗ ಒಂದೂ ಇಲ್ಲ" ಎಂದಿದ್ದರು. ಹನ್ನೆರಡೇ ಎಂದಿಟ್ಟುಕೊಂಡರೂ ವರ್ಷಕ್ಕೆ 16,800. ಮಗಳು ಪೆನ್ಸಿಲಿನಿಂದ ಮತ್ತೆ ಮತ್ತೆ ಗುಣಿಸಿ ನೋಡಿದಳು.

"ಅಮ್ಮಾ, ಅಜ್ಜನ ಒಂದು ವರ್ಷದ ದುಡ್ಡು ಆ ಅಣ್ಣನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ."

ಹೌದು ಎಂದೆ. ಅವಳು ಪುಸ್ತಕದಲ್ಲಿ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಳು. "ಧ್ವನಿವರ್ಧಕಕ್ಕೆ 12,000 ಕೊಟ್ಟಿದ್ದೀವಿ." ಅದೂ ಹೌದು. ಹಾಡಿದ ನಾಲ್ಕು ಜನರಿಗಿಂತ ಅವರ ಹಾಡನ್ನು ಕೇಳಿಸಿದ ಪೆಟ್ಟಿಗೆಗಳಿಗೆ ಹೆಚ್ಚು ಹಣ ಹೋಗಿತ್ತು. ಧ್ವನಿವರ್ಧಕದವರನ್ನು ದೂರುವಂತಿಲ್ಲ. ಅವರದೂ ಹೊಟ್ಟೆಪಾಡು, ಯಂತ್ರ ಕೊಂಡ ಸಾಲ ಇರುತ್ತದೆ. ಆದರೆ ಅವರು ಬರುವ ಮೊದಲೇ ದರ ಹೇಳುತ್ತಾರೆ, ಮುಂಗಡ ತೆಗೆದುಕೊಳ್ಳುತ್ತಾರೆ. ಅಜ್ಜನನ್ನು ಎಷ್ಟು ಕೊಡಬೇಕೆಂದು ಕೇಳಿದಾಗ ಬಂದ ಉತ್ತರ "ನೀವು ತಿಳಕೊಂಡು ಕೊಡ್ರಿ" ಎಂದು.

"ತಿಳಕೊಂಡು ಕೊಡ್ರಿ" ಎಂಬ ಮಾತಿಗೆ ಹಳೆಯ ಕಾಲದಲ್ಲಿ ಅರ್ಥವಿತ್ತು. ಆಗ ಕೊಡುತ್ತಿದ್ದದ್ದು ಕಾಳು. ಹಾಡಿದ ಊರಿನಲ್ಲಿ ಮರುದಿನ ಬೆಳಗ್ಗೆ ಮನೆಮುಂದೆ ನಿಂತರೆ ಜೋಳ, ಬೇಳೆ, ಒಣ ಮೆಣಸಿನಕಾಯಿ, ಉಪ್ಪು ಎಲ್ಲ ಜೋಳಿಗೆಗೆ ಬೀಳುತ್ತಿತ್ತು. ಕಿನ್ನರಿ ಜೋಗಿಗಳು, ಗೊಂದಲಿಗರು ನಮ್ಮ ಕಡೆ ಹೀಗೆಯೇ ಬದುಕಿದವರು. ಮೈಸೂರು ಕಡೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಂಸಾಳೆಯವರು ಬಂದಾಗ ತಮ್ಮ ಅತ್ತೆ ಮೊರದ ತುಂಬ ರಾಗಿ ತಂದು ಸುರಿಯುತ್ತಿದ್ದುದನ್ನು ನಮ್ಮತ್ತೆ ನೆನೆಯುತ್ತಾರೆ. ಬೆಳೆ ಚೆನ್ನಾಗಿ ಬಂದ ವರ್ಷ ಹಾಡುವವರಿಗೂ ಚೆನ್ನ, ಬರ ಬಂದರೆ ಇಬ್ಬರಿಗೂ ಬರ. ಕೊಡುವವನಿಗೂ ಹಾಡುವವನಿಗೂ ಒಂದೇ ರಾಶಿ. ಆ ಕಾಲದಲ್ಲಿ ಎಲ್ಲವೂ ಸುಖವಾಗಿತ್ತು ಎಂದು ನಾನು ಹೇಳುವುದಿಲ್ಲ. ಬಾಗಿಲಲ್ಲಿ ನಿಂತು ಕೈ ಒಡ್ಡುವುದರಲ್ಲಿ ಎಷ್ಟು ಅವಮಾನ ಇತ್ತೆಂದು ಒಡ್ಡಿದವರಿಗೇ ಗೊತ್ತು. ಆದರೆ ಕಾಳಿನ ಬೆಲೆ ಏರಿದರೂ ಒಂದು ಮೊರ ಜೋಳ ಒಂದು ಮೊರ ಜೋಳವೇ ಆಗಿರುತ್ತಿತ್ತು. ಕಾಳು ಹೋಗಿ ರೊಕ್ಕ ಬಂದ ಮೇಲೆ ಎಲ್ಲದರ ದರ ಏರಿತು, "ತಿಳಕೊಂಡು" ಕೊಡುವ ನೋಟು ಮಾತ್ರ ಹಳೆಯ ದರದಲ್ಲೇ ನಿಂತಿತು.

ಅಜ್ಜ ಇನ್ನೊಂದು ಸಂಗತಿ ಹೇಳಿದ್ದರು. ಕ್ಯಾಸೆಟ್ಟುಗಳ ಕಾಲದಲ್ಲಿ ಒಬ್ಬರು ಅವರನ್ನು ಕರೆದೊಯ್ದು ಒಂದೇ ದಿನದಲ್ಲಿ ಎಂಟು ಪದ ಹಾಡಿಸಿ, ಸಾವಿರ ರೂಪಾಯಿ ಮತ್ತು ಇಪ್ಪತ್ತು ಕ್ಯಾಸೆಟ್ಟು ಕೊಟ್ಟು ಕಳಿಸಿದರಂತೆ. ಈಗ ಅದೇ ಪದ ಯಾರದೋ ಮೊಬೈಲಿನಲ್ಲಿ ಕೇಳಿಸುತ್ತದೆ. ಹೆಸರಿನ ಜಾಗದಲ್ಲಿ 'ಜನಪದ' ಎಂದಷ್ಟೇ ಇರುತ್ತದೆ. "ನನ್ನ ದನಿ ನನಗ ಗುರ್ತು ಸಿಗೂದಿಲ್ಲೇನ್ರೀ ಅಕ್ಕಾರ?" ಎಂದು ಕೇಳಿದರು.

ಮಕ್ಕಳಿಗೆ ಇಲ್ಲೊಂದು ವಿಷಯ ತಿಳಿದಿರಲಿ. ಜನಪದ ಹಾಡು ಕಟ್ಟಿದವರು ಯಾರೆಂದು ಗೊತ್ತಿರುವುದಿಲ್ಲ, ಆದ್ದರಿಂದ ಅದು ಎಲ್ಲರದು. ಆದರೆ ಹಾಡಿದ ದನಿ ಒಬ್ಬರದು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದು ಹಾಡುವವರು, ನುಡಿಸುವವರು, ಆಡುವವರಿಗೆ ಪ್ರದರ್ಶಕರ ಹಕ್ಕು ಎಂಬುದನ್ನು ಕೊಟ್ಟರು. ಈಗ ಅದರ ಅವಧಿ 50 ವರ್ಷ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಅದರ ಗಳಿಕೆಯಲ್ಲಿ ಅವರಿಗೂ ಪಾಲಿರಬೇಕು, ಇದು ಇಂಥವರ ಹಾಡು ಎಂದು ಗುರುತಿಸಿಕೊಳ್ಳುವ ಹಕ್ಕು ಅವರಿಗಿದೆ ಎಂದು ಹೇಳಿತು. ಚಟ್ನಿಯ ಪಾಕ ಯಾರದೂ ಅಲ್ಲ. ಆದರೆ ಈ ಹೊತ್ತಿನ ಚಟ್ನಿ ಕುಟ್ಟಿದ ಕೈ ಒಬ್ಬರದು, ಆ ಕೈಗೆ ಕೂಲಿ ಸಲ್ಲಬೇಕು. ಕಾಯ್ದೆ ಹೇಳುವುದೂ ಇಷ್ಟೇ.

ಸಮಾಜ ಇವರನ್ನು ಗುರುತಿಸಿಯೇ ಇಲ್ಲ ಎನ್ನುವಂತಿಲ್ಲ. ಅಂಕೋಲೆಯ ಹಾಲಕ್ಕಿ ಹಾಡುಗಳ ಕಣಜದಂತಿದ್ದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2021ರಲ್ಲಿ ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ, 2025ರಲ್ಲಿ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಸುಗತೇಕರ ಅವರಿಗೆ ಅದೇ ಗೌರವ ಬಂತು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರದ ಮಾಸಾಶನವೂ ಇದೆ. ಅದು ಜಮೆಯಾಗುವ ದಿನ ನಮ್ಮ ಬ್ಯಾಂಕಿನ ಕೌಂಟರಿಗೆ ಪಾಸ್‌ಬುಕ್ ಹಿಡಿದು ಬರುವವರಲ್ಲಿ ಭಜನೆಯವರು, ಡೊಳ್ಳಿನವರು, ಸೋಬಾನದವರು ಎಲ್ಲ ಇರುತ್ತಾರೆ. ಸಾಲಿನಲ್ಲಿ ನಿಂತಾಗಲೂ ಅವರ ಬೆರಳು ಕೌಂಟರಿನ ಮೇಲೆ ತಾಳ ಹಾಕುತ್ತಿರುತ್ತದೆ. ಆದರೆ ಪ್ರಶಸ್ತಿ ಕೆಲವರಿಗೆ, ಮಾಸಾಶನ ವಯಸ್ಸಾದ ಮೇಲೆ. ಕಲಿಯುವ ವಯಸ್ಸಿನ ಹುಡುಗ ಹಾಡು ಬಿಟ್ಟು ಹೋಗದಂತೆ ತಡೆಯಬೇಕಾದದ್ದು ಕಾರ್ಯಕ್ರಮದ ದಿನ ನಮ್ಮ ನಿಮ್ಮಂಥವರು ಕೊಡುವ ದುಡ್ಡು.

ಮಗಳು ತನ್ನ ಪ್ರಾಜೆಕ್ಟಿಗೆ ಮೇಳದವರ ನಾಲ್ಕು ಮತಗಳನ್ನೂ ಸೇರಿಸಿದಳು. ಗುರೆಳ್ಳು 5ರಿಂದ 8ಕ್ಕೆ ಏರಿ ಕಾಯಿ ಚಟ್ನಿಯ ಸಮಕ್ಕೆ ಬಂತು. ಕೊನೆಯ ಪುಟದಲ್ಲಿ ಯಾರೂ ಹೇಳದೆಯೇ ಇನ್ನೊಂದು ಸ್ತಂಭಾಲೇಖ ಬರೆದಿದ್ದಳು. ಧ್ವನಿವರ್ಧಕಕ್ಕೆ ಒಂದು ಸ್ತಂಭ, ಫ್ಲೆಕ್ಸಿಗೆ ಒಂದು, ಹಾಡಿದ ಒಬ್ಬೊಬ್ಬರಿಗೆ ಒಂದೊಂದು. ಮೇಡಂ ಕೆಂಪು ಶಾಯಿಯಲ್ಲಿ, "ಅಚ್ಚುಕಟ್ಟಾಗಿದೆ. ಆದರೆ ಇದಕ್ಕೂ ಚಟ್ನಿಗೂ ಏನು ಸಂಬಂಧ?" ಎಂದು ಬರೆದು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದರು. ಅವಳಿಗೆ ಹೋದ ಒಂದು ಅಂಕದ ಚಿಂತೆ, ನನಗೆ ಆ ಪುಟದ ಚಿಂತೆ.

ಮರುವರ್ಷದ ಸಭೆಗೆ ನಾನು ಆ ಪುಟವನ್ನೇ ತೆಗೆದುಕೊಂಡು ಹೋದೆ. ಆಯವ್ಯಯದ ಮೊದಲ ಸಾಲಿನಲ್ಲಿ 'ಕಲಾವಿದರ ಸಂಭಾವನೆ' ಎಂದು ಬರೆದಿದ್ದೆ. ತಲೆಗೆ 3,000ದಂತೆ ನಾಲ್ವರಿಗೆ 12,000, ಗಾಡಿಯ ಖರ್ಚು ಬೇರೆ. ಸಭೆಯಲ್ಲಿ ಗದ್ದಲವೆದ್ದಿತು. "ಅಷ್ಟು ಕೊಟ್ಟರ ಊಟಕ್ಕ ಏನ್ ಉಳೀತೈತ್ರಿ?" ಎಂದರು ಒಬ್ಬರು. "ಶಾಲು ಹೊದಿಸಿ ಮರ್ಯಾದಿ ಮಾಡ್ತೇವಲ್ಲ" ಎಂದರು ಇನ್ನೊಬ್ಬರು. ಮತ್ತೊಬ್ಬರು ಕಣ್ಣು ಅರೆಮುಚ್ಚಿ, "ಅವರು ಪ್ರೀತಿಲೆ ಹಾಡ್ತಾರ. ಕಲೆಗೆ ಬೆಲಿ ಕಟ್ಟಬಾರದು" ಎಂದರು.

ಮೂಲೆಯಲ್ಲಿ ಕೂತಿದ್ದ ನಿವೃತ್ತ ಮಾಸ್ತರರು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. "ಬೆಲಿ ಕಟ್ಟಬ್ಯಾಡ್ರಿ. ರೊಕ್ಕ ಕೊಡ್ರಿ, ಸಾಕು" ಎಂದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಬೇಡ ಎನ್ನುವುದು ಕಷ್ಟ. ದೊಡ್ಡ ಫ್ಲೆಕ್ಸುಗಳ ಬದಲು ಮಕ್ಕಳೇ ಬಟ್ಟೆಯ ಮೇಲೆ ಬರೆಯುವುದು, ಅತಿಥಿಗಳ ಹಾರಗಳನ್ನು ಬಿಟ್ಟು ಒಂದೊಂದು ಪುಸ್ತಕ ಕೊಡುವುದು, ದೀಪದ ಸರ ಅರ್ಧ ಮಾಡುವುದು ಎಂದು ತೀರ್ಮಾನವಾಯಿತು. ಊಟಕ್ಕೆ ಏನೂ ಕಡಿಮೆಯಾಗಲಿಲ್ಲ. ತಾಟಿನ ಅಂಚಿಗೆ ಗುರೆಳ್ಳ ಹಿಂಡಿಯನ್ನು ನಾಲ್ಕು ಮನೆಯವರು ಕೂಡಿ ಕುಟ್ಟಿ ತಂದರು.

ಮೇಳಕ್ಕೆ ಫೋನು ಮಾಡಿ ಮೊತ್ತ ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಷ್ಟು ಮಂದಿಗ್ರೀ?" ಎಂದು ಕೇಳಿದರು. ನಾಲ್ವರಿಗೆ ಎಂದೆ. "ಹಂಗಾದ್ರ ಹುಡುಗಗೂ ಬರಾಕ ಹೇಳತೇನಿ" ಎಂದರು. ಮೊಮ್ಮಗ ಗೋವಾದಿಂದ ಎರಡು ದಿನದ ರಜೆ ಹಾಕಿ ಬಂದ. ಈ ಸಲ ತಾಳ ಬೇರೆಯವರ ಕೈಯಲ್ಲಿತ್ತು. ಅವನು ತುಂತುಣಿ ಹಿಡಿದಿದ್ದ, ನಡುವೆ ಎರಡು ನುಡಿಗಳನ್ನು ಒಬ್ಬನೇ ಹಾಡಿದ. ದನಿ ಸ್ವಲ್ಪ ನಡುಗಿತು. ಅಜ್ಜ ಅವನ ಮುಖ ನೋಡದೆ ದಪ್ಪಿನ ಪೆಟ್ಟನ್ನು ಒಂದಿಷ್ಟು ನಿಧಾನ ಮಾಡಿಕೊಂಡರು. ಅವನು ಹೋಟೆಲ್ಲಿನ ಕೆಲಸ ಬಿಟ್ಟಿಲ್ಲ, ಬಿಡು ಎಂದು ಹೇಳುವ ಧೈರ್ಯ ನನಗೂ ಇಲ್ಲ. ಹದಿನೆಂಟು ಸಾವಿರ ಎಲ್ಲಿ, ವರ್ಷಕ್ಕೆ ಹನ್ನೆರಡು ರಾತ್ರಿ ಎಲ್ಲಿ! ನಮ್ಮದೊಂದು ಬಡಾವಣೆ ಬದಲಾದರೆ ಅವನ ಸಂಸಾರ ನಡೆಯುವುದಿಲ್ಲ. ಇನ್ನೂ ಹತ್ತು ಬಡಾವಣೆ, ಹತ್ತು ಮದುವೆ ಮನೆ, ಹತ್ತು ಶಾಲೆಯ ಗ್ಯಾದರಿಂಗು ಹೀಗೆ ಲೆಕ್ಕ ಹಾಕಿದರೆ ಆ ಹುಡುಗ ಎರಡು ಕೆಲಸವನ್ನೂ ತೂಗಿ ನೋಡುವಷ್ಟಾದರೂ ಆದೀತು.

ಆದ್ದರಿಂದ ನಿಮ್ಮ ಮನೆಯ ಮದುವೆಗೋ ಓಣಿಯ ಹಬ್ಬಕ್ಕೋ ಹಾಡುವವರನ್ನು ಕರೆಸುವಾಗ ಒಬ್ಬ ಕ್ಯಾಶಿಯರಳ ನಾಲ್ಕು ಮಾತು ನೆನಪಿಡಿ. ಎಷ್ಟು ಜನ ಬರುತ್ತಾರೆಂದು ಮೊದಲು ಕೇಳಿ, ತಲೆಗೆ ಎಷ್ಟು ಬೀಳುತ್ತದೆಂದು ಭಾಗಿಸಿ ನೋಡಿ. ಬಂದು ಹೋಗುವ ಖರ್ಚನ್ನು ಸಂಭಾವನೆಯಲ್ಲಿ ಸೇರಿಸಬೇಡಿ. ಹಣವನ್ನು ನಾಳೆ, ನಾಡಿದ್ದು, ಚೆಕ್ಕು ಎನ್ನದೆ ಆ ರಾತ್ರಿಯೇ ಕೊಡಿ. ಹಾಡುವವರಿಗೆ ಎಲ್ಲರಿಗಿಂತ ಮೊದಲೇ ಊಟಕ್ಕೆ ಹಾಕಿ, ಕೊನೆಯ ಪಂಕ್ತಿಗೆ ಕೂರಿಸಬೇಡಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುವ ಮುಂಚೆ ಹಾಡುವವರನ್ನು ಒಂದು ಮಾತು ಕೇಳಿ. ಅವರು ಹೂಂ ಎಂದರೆ ಅವರ ಹೆಸರನ್ನೂ ಊರನ್ನೂ ಅದರ ಕೆಳಗೆ ಬರೆಯಿರಿ. ಹಾಗೆಯೇ ಅವರಿಗೆ ಯಾವ ಚಟ್ನಿ ಇಷ್ಟ ಎಂದು ಕೇಳುವುದನ್ನೂ ಮರೆಯಬೇಡಿ. ಕೇಳಿದರೆ ಬಹಳ ಸಂಗತಿ ಹೇಳುತ್ತಾರೆ.